ಕೂ ಹಾಕದೆ ಬಂದವನು

ಬಿಳಿಗಿರಿ ಅಂಗಿಯನ್ನು ಪ್ಯಾಂಟಿನೊಳಕ್ಕೆ ಸೇರಿಸುವುದನ್ನು ಬಿಟ್ಟಿದ್ದಾನೆ ಎಂಬುದು ಮೊದಲು ಕಣ್ಣಿಗೆ ಬಿದ್ದದ್ದು ಅವನ ಹೆಂಡತಿ ನಾಗಮಣಿಗೆ. ಸೈನ್ಯದಲ್ಲಿ ಲಾರಿ ಓಡಿಸಿ, ಪಿಂಚಣಿ ಹಿಡಿದು ತಮಿಳುನಾಡಿನ ಗಡಿಯ ತನ್ನೂರು ತಿಗನಾರೆಗೆ ಬಂದ ಮೇಲೂ ಅದೊಂದು ಶಿಸ್ತು ಅವನನ್ನು ಬಿಟ್ಟಿರಲಿಲ್ಲ. ಟೊಮೆಟೊ ಕ್ರೇಟು ಹೊರುವಾಗಲೂ ಹಸುವಿಗೆ ಹುಲ್ಲು ಹಾಕುವಾಗಲೂ ಅಂಗಿ ಒಳಗೆ, ಬೆಲ್ಟು ಹೊರಗೆ. ತಾಳವಾಡಿ ಸಂತೆಯ ಗುಂಪಿನಲ್ಲಿ ಅವನನ್ನು ಹುಡುಕುವವರು ಮುಖ ನೋಡುತ್ತಿರಲಿಲ್ಲ, ಸೊಂಟ ನೋಡುತ್ತಿದ್ದರು. ಅಂಥವನು ಕೊಯಮತ್ತೂರಿಗೆ ಹೋಗಿಬಂದ ಮರುದಿನದಿಂದ ಅಂಗಿಯನ್ನು ಇಳಿಬಿಟ್ಟುಕೊಂಡು, ಬಲಮೊಳಕೈಯನ್ನು ಪಕ್ಕೆಗೆ ಒತ್ತಿಕೊಂಡು ಓಡಾಡತೊಡಗಿದ.

"ಏನದು ಸೊಂಟದಲ್ಲಿ?" ಎಂದಳು ನಾಗಮಣಿ, ಹಾಲು ಕರೆದು ಏಳುತ್ತ.

"ಏನಿಲ್ಲ."

"ಏನಿಲ್ದೇ ಇದ್ರ ಬಗ್ಗಕ್ಕ ಯಾಕ ಅಂಗ್ ತಿಣುಕ್ತೀರಿ? ಕುರು ಎದ್ದದಾ?"

ಬಿಳಿಗಿರಿ ಬಾಗಿಲ ಕಡೆ ಒಮ್ಮೆ ನೋಡಿ ಅಂಗಿ ಎತ್ತಿದ. ಪ್ಯಾಂಟಿನ ಒಳಭಾಗಕ್ಕೆ ಸಿಕ್ಕಿಸಿದ್ದ ಕಂದು ಚರ್ಮದ ಒರೆಯಿಂದ ಕಪ್ಪು ಹಿಡಿಯೊಂದು ಹೊರಗೆ ಇಣುಕುತ್ತಿತ್ತು. ನಾಗಮಣಿ ಹಾಲಿನ ತಂಬಿಗೆಯನ್ನು ಕೆಳಗಿಡಲಿಲ್ಲ.

"ಆಟದ್ದಾ?"

"ನಿಜದ್ದು."

"ಲೈಸನ್ ಅದಾ?"

"ಅದ. ಕಲೆಕ್ಟರಾಫೀಸ್ನದು."

"ಯಾರ್ಗ ಇದು?"

ಈರೋಡಿನ ಕಚೇರಿಯಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಕೇಳಿದ್ದರು, ಅಲ್ಲಿ ಜೀವರಕ್ಷಣೆಗೆ ಎಂದು ಹೇಳಿದ್ದ. ಹೆಂಡತಿಯ ಮುಂದೆ ಆ ಪದ ಬಾಯಿಗೆ ಬರಲಿಲ್ಲ. ಅಂಗಿ ಇಳಿಬಿಟ್ಟು ಹೊರಗೆ ನಡೆದ.

ಯಾರಿಗೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಕಳೆದ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ, ಒಂದು ಸಂಜೆ, ತಾಳವಾಡಿಯಿಂದ ತಿಗನಾರೆಗೆ ಬರುವ ರಸ್ತೆಯಲ್ಲಿ ಕಲ್ಲು ಕ್ವಾರಿಯ ಟಿಪ್ಪರೊಂದು ರಾಚನಿಗೆ ಗುದ್ದಿತ್ತು. ರಾಚ ಕೂಲಿ ಮುಗಿಸಿ ತಲೆಯ ಮೇಲೆ ಮೇವಿನ ಹೊರೆ ಹೊತ್ತು ಬರುತ್ತಿದ್ದ. ಬಿಳಿಗಿರಿ ತನ್ನ ಖಾಲಿ ಪಿಕಪ್‌ನಲ್ಲಿ ಎದುರಿನಿಂದ ಬರುತ್ತಿದ್ದ. ಟಿಪ್ಪರು ನಿಂತಿತು. ಓಡಿಸುತ್ತಿದ್ದವನು ಕೆಳಗಿಳಿದ, ಬಿದ್ದವನನ್ನು ನೋಡಿದ, ಪಿಕಪ್‌ನ ಬೆಳಕಿಗೆ ಕಣ್ಣು ಕಿರಿದು ಮಾಡಿದ, ಮತ್ತೆ ಹತ್ತಿ ಹೊರಟುಹೋದ. ಅವನು ಕ್ವಾರಿ ಮಾಲೀಕನ ಬಾವಮೈದ ನಟರಾಜ್. ಬಿಳಿಗಿರಿ ರಾಚನನ್ನು ಪಿಕಪ್‌ಗೆ ಹಾಕಿಕೊಂಡು ತಾಳವಾಡಿಯತ್ತ ತಿರುಗಿಸಿದ. ಊರಿನ ಮೊದಲ ದೀಪ ಕಾಣುವ ಮೊದಲೇ ಹಿಂದಿನಿಂದ ಬರುತ್ತಿದ್ದ ನರಳಾಟ ನಿಂತಿತು.

ಮರುದಿನ ಠಾಣೆಗೆ ಬಂದು ತಪ್ಪೊಪ್ಪಿಕೊಂಡವನು ಬೇರೊಬ್ಬ, ಕ್ವಾರಿಯ ಸಂಬಳದ ಡ್ರೈವರು. ಬಿಳಿಗಿರಿ ತಾನು ಕಂಡದ್ದನ್ನು ಕಂಡಂತೆ ಹೇಳಿ ಸಹಿ ಹಾಕಿದ. ಕೇಸು ಸತ್ಯಮಂಗಲದ ಕೋರ್ಟಿಗೆ ಹೋಯಿತು. ನಟರಾಜ್ ಜಾಮೀನಿನ ಮೇಲೆ ಹೊರಬಂದ. ಕಂಡವನು ಬಿಳಿಗಿರಿ ಒಬ್ಬನೇ. ಅವನು ಕೋರ್ಟಿನಲ್ಲಿ ನಿಂತು ಹೇಳಿದರೆ ರಾಚನ ಹೆಂಡತಿ ಮಾದಿಗೆ ಒಂದು ನ್ಯಾಯ; ಹೇಳದಿದ್ದರೆ ಸಂಬಳದ ಡ್ರೈವರಿಗೆ ಜೈಲು, ನಟರಾಜನಿಗೆ ಅದೇ ಟಿಪ್ಪರು.

ನಟರಾಜ್ ಬಯ್ಯಲಿಲ್ಲ, ಹೆದರಿಸಲೂ ಇಲ್ಲ. ಒಂದು ದಿನ ಟೀ ಅಂಗಡಿಯಲ್ಲಿ ಪಕ್ಕದಲ್ಲಿ ಕುಳಿತು, ಬಿಳಿಗಿರಿಯ ಟೀಯ ಕಾಸನ್ನೂ ತಾನೇ ಕೊಟ್ಟ.

"ಒಲ್ದಲ್ಲಿ ಒಬ್ರೇ ಓಡಾಡ್ತೀರಿ, ಮಿಲ್ಟ್ರಿಯವ್ರೇ. ಈ ವರ್ಸ ಆನೆ ಕಾಟ ಜಾಸ್ತಿ. ಉಸಾರು."

"ಆನೆ ನಂಗ ಒಸದಲ್ಲ."

"ಒಸದಲ್ಲ, ನಿಜ. ಆದ್ರ ಆನೆ ತುಳುದ್ರ ಯಾರ್ ಮ್ಯಾಲ ಕೇಸಾಕದು ಏಳಿ?" ಎಂದು ನಕ್ಕು, ಲೋಟ ಕೆಳಗಿಟ್ಟು ಎದ್ದುಹೋದ.

ಅಲ್ಲಿಂದ ಮುಂದೆ ಬಿಳಿಗಿರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹಿಂದೆ ಬರುವ ಬೈಕಿನ ಸದ್ದಿಗೆ ಕತ್ತು ತಾನೇ ತಿರುಗುತ್ತಿತ್ತು. ಟೀ ಅಂಗಡಿಯಲ್ಲಿ ಗೋಡೆಗೆ ಬೆನ್ನು ಕೊಟ್ಟೇ ಕೂರಬೇಕು. ಆ ಜಾಗದಲ್ಲಿ ಯಾರಾದರೂ ಇದ್ದರೆ ನಿಂತೇ ಕುಡಿದು ಹೋಗುತ್ತಿದ್ದ. ಮಾಜಿ ಸೈನಿಕ, ಕೇಸಿನ ಸಾಕ್ಷಿ ಎಂಬ ಎರಡು ಕಾರಣ ತೋರಿಸಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಕೊಟ್ಟ. ಠಾಣೆಯಿಂದ ಬಂದು ವಿಚಾರಿಸಿದರು, ಈರೋಡಿಗೆ ಅಲೆದ, ಒಂದು ಮಳೆಗಾಲ ಕಳೆಯಿತು. ಕೊನೆಗೆ ಲೈಸೆನ್ಸು ಕೈಗೆ ಬಂತು.

ಕೊಯಮತ್ತೂರಿನ ಅಂಗಡಿ ಒಂದು ಹಳೆಯ ಬೀದಿಯಲ್ಲಿ, ಪಾತ್ರೆ ಅಂಗಡಿಗೂ ಹೊಲಿಗೆ ಯಂತ್ರದ ಅಂಗಡಿಗೂ ನಡುವೆ ಇತ್ತು. ಮಾಲೀಕರು ವಯಸ್ಸಾದವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ಲೈಸೆನ್ಸಿನ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ, ಬೇಕಾದ್ದು ಆನೆಗೋ ಮನುಷ್ಯನಿಗೋ ಎಂದು ತಮಿಳಿನಲ್ಲಿ ಕೇಳಿದರು. ಬಿಳಿಗಿರಿ ಸುಮ್ಮನಿದ್ದ. ಆನೆಯವರು ಉದ್ದನೆಯದನ್ನು ಕೇಳುತ್ತಾರೆ, ಸುಮ್ಮನಿರುವವರು ಗಿಡ್ಡನೆಯದನ್ನು ಕೇಳುತ್ತಾರೆ ಎಂದು ಅವರೇ ಹೇಳಿಕೊಂಡು ಒಳಗೆ ಹೋದರು.

ತಂದದ್ದು ಒಂದು ಸಣ್ಣ ಪಿಸ್ತೂಲು. ಸೈನ್ಯ ಎಂದೋ ತನಗೆ ಹೆಚ್ಚಾಯಿತೆಂದು ವಿಲೇವಾರಿ ಮಾಡಿದ್ದು. ಅಧಿಕಾರಿಯೊಬ್ಬರು ಅಲ್ಲಿಂದ ಕೊಂಡು ಬೀರುವಿನಲ್ಲಿಟ್ಟಿದ್ದರು, ಅವರು ತೀರಿದ ಮೇಲೆ ಮಗ ಅಂಗಡಿಗೆ ತಂದು ಒಪ್ಪಿಸಿದ್ದ. ಮೇಲ್ಭಾಗದ ಉಕ್ಕು ಅಂಚುಗಳಲ್ಲಿ ಸವೆದು ಬೆಳ್ಳಗಾಗಿತ್ತು, ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಬಾಣದ ಗುರುತು. ಬಿಳಿಗಿರಿಯ ಅಂಗೈಗಿಂತ ಬೆರಳಿನ ಒಂದು ಗಿಣ್ಣಿನಷ್ಟು ಮಾತ್ರ ಉದ್ದ. ತೂಕ ಅರ್ಧ ಕಿಲೋ ಬೆಲ್ಲದ ಅಚ್ಚಿಗಿಂತ ತುಸು ಹೆಚ್ಚು.

ಲೈಸೆನ್ಸಿನವನು ಕೇಳಿದರೆ ಉದ್ದ ಕೋವಿಯೂ ಸಿಗುತ್ತಿತ್ತು. ಆದರೆ ಕೋವಿ ಹಿಡಿದು ನಡೆದರೆ ಊರಿಗೇ ಗೊತ್ತಾಗುತ್ತದೆ, ಮಿಲಿಟ್ರಿ ಬಿಳಿಗಿರಿ ಹೆದರಿದ್ದಾನೆ ಎಂದು. ಅವನಿಗೆ ಬೇಕಿದ್ದದ್ದು ಎರಡು: ಆಪತ್ತಿಗೆ ಆಗಬೇಕು, ಯಾರಿಗೂ ಕಾಣಬಾರದು. ಸೈನ್ಯದಲ್ಲಿ ವರ್ಷಕ್ಕೊಮ್ಮೆ ರೈಫಲ್ಲಿನಿಂದ ಗುರಿಹಲಗೆಗೆ ಹೊಡೆದದ್ದು ಬಿಟ್ಟರೆ ಅವನ ಕೈಯಲ್ಲಿ ಸದಾ ಇದ್ದದ್ದು ಸ್ಟೀರಿಂಗು. ಅಂಗಡಿಯವರು ಗುಂಡು ತುಂಬುವುದು, ತೆಗೆಯುವುದು, ಸೇಫ್ಟಿ ಕಡ್ಡಿಯನ್ನು ಮೇಲೆ ಕೆಳಗೆ ಮಾಡುವುದು ಎಲ್ಲವನ್ನೂ ನಿಧಾನವಾಗಿ ತೋರಿಸಿದರು. ಸೊಂಟದಲ್ಲಿಟ್ಟರೆ ಹೆಂಡತಿಗೂ ಗೊತ್ತಾಗುವುದಿಲ್ಲ ಎಂದು ಭರವಸೆಯನ್ನೂ ಕೊಟ್ಟರು. ಅದೊಂದು ಮಾತು ಒಂದು ದಿನವೂ ನಿಲ್ಲಲಿಲ್ಲ.

ಅವರು ಹೇಳದೆ ಬಿಟ್ಟದ್ದೂ, ಅವರಿಗೆ ಗೊತ್ತಿರಲು ಸಾಧ್ಯವಿಲ್ಲದ್ದೂ ಒಂದಿತ್ತು. ಅದು ತಿಗನಾರೆಯ ದಾರಿಯದು.

ತಿಗನಾರೆಯಲ್ಲಿ ಹೊತ್ತು ಇಳಿದ ಮೇಲೆ ಹೊಲದ ದಾರಿ ಹಿಡಿದವರು ಕೂ ಹಾಕಬೇಕು. ಯಾರೂ ಬರೆದಿಟ್ಟ ನಿಯಮವಲ್ಲ. ಜೋಳ ಹಾಲುಗಾಳಾದ ದಿನದಿಂದ ಕಟಾವಿನವರೆಗೆ ಎಲ್ಲ ಹೊಲದಲ್ಲೂ ಕಾವಲಿನ ಅಟ್ಟಣೆ ಇರುತ್ತದೆ. ಅಟ್ಟಣೆಯ ಮೇಲೆ ಒಬ್ಬ, ಅವನ ಕೈಯಲ್ಲಿ ಹಚ್ಚಿದ ಊದುಬತ್ತಿ, ಮಡಿಲಲ್ಲಿ ಆನೆ ಓಡಿಸುವ ಪಟಾಕಿ. ಕೆಳಗೆ ಪೈರು ಅಲುಗಿದರೆ ಅದು ಹಂದಿಯೋ ಆನೆಯೋ ಅಣ್ಣತಮ್ಮನೋ ಎಂದು ಕತ್ತಲಲ್ಲಿ ತಿಳಿಯದು. ಆದ್ದರಿಂದ ಬರುವವರೇ ದೂರದಿಂದ ಅಂಗೈ ಬಾಯಿಗೆ ಹಿಡಿದು ಕೂ ಎನ್ನುತ್ತಾರೆ. ಅಟ್ಟಣೆಯವನು ಕೂ ಎಂದು ತಿರುಗಿ ಹೇಳಿದರೆ ದಾರಿ ಬಿಟ್ಟಂತೆ. ಒಬ್ಬೊಬ್ಬರದು ಒಂದೊಂದು ಬಗೆ. ಬಿಳಿಗಿರಿಯದು ಉದ್ದಕ್ಕೆ ಹೋಗಿ, ನಡುವೆ ಮುರಿದು, ಕೊನೆಯಲ್ಲಿ ಚಿಕ್ಕದಾಗಿ ಮೇಲೇರುತ್ತಿತ್ತು. ಮನೆಯವರು ಬರುವುದು ತಡವಾದರೆ ಹೆಂಗಸರು ಹಟ್ಟಿಯ ಮುಂದೆ ನಿಂತು, ಬರಬೇಕಾದವರದೇ ಕೂ ಹಾಕಿ ಕೇಳುತ್ತಾರೆ. ನಾಗಮಣಿಗೆ ಗಂಡನ ಕೂ ಅವನಿಗಿಂತ ಚೆನ್ನಾಗಿ ಬರುತ್ತದೆಂದು ಓರಗಿತ್ತಿಯರು ಆಡಿಕೊಳ್ಳುತ್ತಿದ್ದರು.

ಕೊಯಮತ್ತೂರಿನಿಂದ ಬಂದ ಸಂಜೆ ಬಿಳಿಗಿರಿ ಪಿಕಪ್ಪನ್ನು ರಸ್ತೆಬದಿಗೆ ನಿಲ್ಲಿಸಿ ಹೊಲದ ದಾರಿಗೆ ಇಳಿದ. ರೂಢಿಯಂತೆ ಕೈ ಬಾಯಿಯವರೆಗೆ ಹೋಯಿತು. ಅಲ್ಲೇ ನಿಂತಿತು. ಕೂ ಹಾಕಿದರೆ, ನಾನು ಇಲ್ಲಿದ್ದೇನೆ, ಒಬ್ಬನೇ ಇದ್ದೇನೆ, ಇಂಥ ದಾರಿಯಲ್ಲಿ ಬರುತ್ತಿದ್ದೇನೆ ಎಂದು ಸುತ್ತಲಿನ ಎಲ್ಲ ಕಿವಿಗೂ ಹೇಳಿದಂತೆ. ಅದರಲ್ಲಿ ನಟರಾಜನ ಕಿವಿಯೂ ಇದ್ದರೆ? ಸೊಂಟದಲ್ಲಿ ಬಚ್ಚಿಟ್ಟುಕೊಂಡವನು ಬಾಯಲ್ಲಿ ಸಾರಿಕೊಂಡು ಹೋಗುವುದು ಅವನ ಲೆಕ್ಕಕ್ಕೆ ಕೂಡಿಬರಲಿಲ್ಲ. ಕೈ ಇಳಿಸಿ, ಹೆಜ್ಜೆ ಸದ್ದಾಗದಂತೆ ಮನೆ ಸೇರಿದ.

ಹಾಗೆ ಶುರುವಾದದ್ದು ಅಭ್ಯಾಸವಾಯಿತು. ದಾರಿಯ ಪಕ್ಕದ ಹೊಲ ಚಿಕ್ಕಯ್ಯ ಎಂಬವನದು. ಬಿಳಿಗಿರಿಗಿಂತ ಹತ್ತು ವರ್ಷ ದೊಡ್ಡವನು, ಸಂಬಂಧದಲ್ಲಿ ಅಣ್ಣನಾಗಬೇಕು. ಒಂದು ಬೆಳಗ್ಗೆ ಅವನು ತಡೆದು ನಿಲ್ಲಿಸಿದ.

"ಏನ್ಲಾ ಮಿಲ್ಟ್ರಿ, ಗಂಟ್ಲು ಕಟ್ಟೋಯ್ತಾ? ಕೂ ಇಲ್ಲ ಕಾ ಇಲ್ಲ, ಕಳ್ನಂಗ ಬತ್ತೀಯೆ."

"ಸೀತ ಕಣಣ್ಣ."

"ಸೀತ್ವಾ? ಒಂದ್ ತಿಂಗ್ಳಿಂದಾನಾ? ಮೆಣಸಿನ್ ಸಾರ್ ಮಾಡ್ಸಲಾ ನಾಗಮಣಿ ಕೈಲಿ." ಚಿಕ್ಕಯ್ಯ ಎಲೆಅಡಿಕೆ ಉಗುಳಿದ. "ನೋಡು, ಕೂ ಆಕ್ದೆ ಬಂದ್ರ ನಾನು ಅಂದಿ ಅಂತ್ಲೇ ತಿಳ್ಕಳದು. ಅಂದಿ ಯಾವ್ದು ನೀನ್ಯಾವ್ದು ಅಂತ ಪಟಾಕಿಗ ಗೊತ್ತಾಗದಿಲ್ಲ ಕಣ್ಲಾ."

"ಆಯ್ತು ಬುಡಣ್ಣ" ಎಂದ ಬಿಳಿಗಿರಿ. ಅಂದು ಸಂಜೆಯೂ ಕೂ ಹಾಕಲಿಲ್ಲ.

ಪಿಸ್ತೂಲು ಬಂದರೆ ನೆಮ್ಮದಿ ಬರುತ್ತದೆಂದು ಅವನು ನಂಬಿದ್ದ. ಬಂದದ್ದು ಇನ್ನೊಂದು ಕಾವಲಿನ ಕೆಲಸ. ಮೊದಲು ಅವನು ತನ್ನನ್ನೊಬ್ಬನನ್ನು ಕಾಯಬೇಕಿತ್ತು, ಈಗ ಅದನ್ನೂ ಕಾಯಬೇಕು. ಸ್ನಾನಕ್ಕೆ ಹೋದರೆ ಎಲ್ಲಿಡುವುದು? ಬೀಗವೇ ಇಲ್ಲದ ಮನೆಗೆ ಒಂದು ಪೆಟ್ಟಿಗೆಯೂ ಬೀಗವೂ ಬಂದವು. ಬೀಗದ ಕೈ ಉಡಿದಾರಕ್ಕೆ ಏರಿತು. ಬಗ್ಗಿ ಕ್ರೇಟು ಎತ್ತಿದರೆ ಪಿಸ್ತೂಲಿನ ಮೂತಿ ತೊಡೆಯ ಸಂದಿಗೆ ಚುಚ್ಚುತ್ತಿತ್ತು. ಎತ್ತುವುದನ್ನು ಬಿಟ್ಟ. ಲೋಡು ಮಾಡುವ ಹುಡುಗಿಯರು ಮಿಲಿಟ್ರಿಯಣ್ಣನಿಗೆ ವಯಸ್ಸಾಯಿತು ಎಂದು ಕಿಸಕ್ಕೆಂದರು. ತಾಳವಾಡಿಗೆ ಮದುವೆ ಮಾಡಿ ಕೊಟ್ಟ ಮಗಳು ಸಂಗೀತ ಎರಡು ವರ್ಷದ ಕೂಸನ್ನು ಕರೆದುಕೊಂಡು ಬಂದಳು. ಕೂಸು ತಾತನ ಮಡಿಲು ಹತ್ತಲು ಬಂದಾಗ ಅವನು ಬೆಂಕಿ ಮುಟ್ಟಿದವನಂತೆ ಎದ್ದುನಿಂತ. ಸಂಗೀತ ಕೂಸನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಆ ದಿನವಿಡೀ ಅವನಿಗೆ ಊಟ ರುಚಿಸಲಿಲ್ಲ.

ಅಷ್ಟರಲ್ಲಿ ಕೋರ್ಟಿನ ಸಮನ್ಸು ಬಂತು.

ಸುದ್ದಿ ಮಾದಿಗೂ ಮುಟ್ಟಿತ್ತು. ಅವಳು ವಾರಕ್ಕೆ ಮೂರು ದಿನ ಬಿಳಿಗಿರಿಯ ಹೊಲಕ್ಕೆ ಕೂಲಿಗೆ ಬರುತ್ತಿದ್ದಳು. ಟೊಮೆಟೊ ರಾಶಿಯ ಮುಂದೆ ಕೂತು, ಹಣ್ಣು ಬೇರೆ ಕಾಯಿ ಬೇರೆ ಮಾಡುತ್ತ, ತಲೆ ಎತ್ತದೆ ಹೇಳಿದಳು:

"ಅಣ್ಣ, ಕೋಲ್ಟಿಂದ ಕಾಗ್ದ ಬಂದದಂತಲ್ಲ."

"ಬಂದದ ಮಾದಿ."

"ನೀವು ಬರ್ದೇ ಓದ್ರೂ ನಾನು ತಪ್ ತಿಳ್ಕಳದಿಲ್ಲ. ನಿಮ್ಗೂ ಎಂಡ್ರು ಮಕ್ಳು ಅವ್ರ."

ಬಿಳಿಗಿರಿ ಕೊಳೆತದ್ದೊಂದನ್ನು ಎತ್ತಿ ದೂರ ಎಸೆದ. "ಯಾರು ಏಳುದ್ರು ನಿಂಗ, ನಾನು ಬರದಿಲ್ಲ ಅಂತ?"

"ಯಾರೂ ಏಳ್ನಿಲ್ಲ. ನೀವು ಕೂ ಆಕದ ಬುಟ್ರಲ್ಲ, ಅದುಕ್ಕ ಅಂದೆ."

ಸಂಜೆ ಅವಳು ಕೂಲಿ ಮುಗಿಸಿ ಹೊರಟಳು. ಹೋಗಬೇಕಾದ್ದು ಅದೇ ರಸ್ತೆಯಲ್ಲಿ, ಗಂಡ ಬಿದ್ದ ಜಾಗ ದಾಟಿ, ಕ್ವಾರಿಯ ಗೇಟಿನ ಮುಂದೆ. ಬಿಳಿಗಿರಿ ಕಣದಲ್ಲಿ ನಿಂತು ಕೇಳಿಸಿಕೊಂಡ. ತೆಳ್ಳನೆಯ, ತುಸು ಒಡಕಾದ ಕೂ ಒಂದೊಂದು ಅಟ್ಟಣೆಯನ್ನೂ ದಾಟುತ್ತ ದೂರವಾಯಿತು. ಪ್ರತಿ ಅಟ್ಟಣೆಯಿಂದಲೂ ಉತ್ತರ ಬಂತು. ಅವಳ ಸೊಂಟದಲ್ಲಿ ಇದ್ದದ್ದು ಕುಡುಗೋಲು ಮತ್ತು ಎಲೆಅಡಿಕೆಯ ಚೀಲ. ಅವನ ಕೈ ತಾನಾಗಿಯೇ ಅಂಗಿಯ ಮೇಲೆ ಹೋಯಿತು, ಅದು ಇದೆಯೇ ಎಂದು ನೋಡಿಕೊಂಡಿತು. ಇತ್ತು.

ಸಾಕ್ಷಿಯ ದಿನಕ್ಕೆ ಇನ್ನೊಂದೇ ವಾರ ಉಳಿದಿತ್ತು. ಅಂದು ಬಿಳಿಗಿರಿ ಕೋಸು ಇಳಿಸಿ ಸತ್ಯಮಂಗಲದಿಂದ ಹಿಂದಿರುಗುವಾಗ ದಿಂಬಂ ಘಾಟಿಯ ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತು ತಡವಾಯಿತು. ಹಾಸನೂರು ದಾಟಿ ಊರ ಹತ್ತಿರ ಬರುವಾಗ ಆಗಲೇ ಮಸುಕು. ಪಿಕಪ್ ನಿಲ್ಲಿಸುವ ಜಾಗದಿಂದ ತುಸು ಮುಂದೆ, ಹುಣಸೆಮರದ ಕೆಳಗೆ, ದೀಪ ಆರಿಸಿದ ಬೈಕೊಂದು ನಿಂತಿತ್ತು. ಪಕ್ಕದಲ್ಲಿ ಯಾರೂ ಇಲ್ಲ.

ಬಿಳಿಗಿರಿ ಇಂಜಿನ್ ಆರಿಸಿ ಕಿವಿಗೊಟ್ಟ. ಯಾರ ಸದ್ದೂ ಇಲ್ಲ. ಬೈಕು ಇಲ್ಲಿದ್ದರೆ ಬೈಕಿನವನು ದಾರಿಯಲ್ಲಿದ್ದಾನೆ. ದಾರಿ ಬೇಡ ಎಂದುಕೊಂಡು ಬದು ಹತ್ತಿ ಚಿಕ್ಕಯ್ಯನ ಜೋಳದೊಳಕ್ಕೆ ಇಳಿದ. ಜೋಳ ಅವನಿಗಿಂತ ಎತ್ತರವಾಗಿತ್ತು. ಎಲೆಯ ಅಂಚು ಕುತ್ತಿಗೆ ಕೆರೆಯುತ್ತಿತ್ತು, ಎಷ್ಟು ನಿಧಾನವಾಗಿ ಸರಿದರೂ ಸರಸರ ಸದ್ದು ತಪ್ಪುತ್ತಿರಲಿಲ್ಲ. ಆ ಸದ್ದು ತನ್ನದೋ ಇನ್ನೊಬ್ಬನದೋ ಎಂದು ನಿಂತು ಕೇಳುತ್ತಿದ್ದ, ಮತ್ತೆ ಸರಿಯುತ್ತಿದ್ದ. ಹೀಗೆ ನಿಂತು ನಿಂತು, ಮೂಸಿ ಮೂಸಿ ಮುಂದುವರಿಯುವುದು ಹಂದಿಯ ನಡಿಗೆ ಎಂಬುದು ಹೊಲದವನಾದ ಅವನಿಗೆ ಗೊತ್ತಿಲ್ಲದ್ದಲ್ಲ; ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಮೊದಲು ಕಂಡದ್ದು ಬೆಳಕು, ಆಮೇಲೆ ಕಿವಿ ಒಡೆಯುವಂಥ ಸದ್ದು, ಎರಡು ಮಾರು ಮುಂದೆ. ಮಣ್ಣು ಮುಖಕ್ಕೆ ಎರಚಿತು. ಮೂಗಿಗೆ ಮದ್ದಿನ ವಾಸನೆ ಹೊಡೆಯಿತು.

ಅವನು ಮಂಡಿಯೂರಿದಾಗ ಪಿಸ್ತೂಲು ಆಗಲೇ ಕೈಯಲ್ಲಿತ್ತು. ಎಷ್ಟೋ ದಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದ ಎಡಗೈ ಮೇಲಿನ ಉಕ್ಕನ್ನು ಹಿಂದಕ್ಕೆಳೆದು ಬಿಟ್ಟಿತು, ಹೆಬ್ಬೆರಳು ಸೇಫ್ಟಿ ಕಡ್ಡಿಯನ್ನು ಇಳಿಸಿತು. ಜೋಳದ ಸೂಲಂಗಿಗಳ ಮೇಲೆ, ಆಕಾಶಕ್ಕೆ ಅಂಟಿಕೊಂಡಂತೆ, ಒಂದು ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಯಾರೋ ಬೀಡಿ ಸೇದುತ್ತ ಮೇಲಿನಿಂದ ಹೊಡೆಯುತ್ತಿದ್ದಾನೆ ಎಂದಷ್ಟೇ ಅವನ ತಲೆಗೆ ಹೊಳೆದದ್ದು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಕೆಂಪು ಚುಕ್ಕೆಯ ಹಿಂದೆ ಒಂದು ತಲೆಯಿರುತ್ತದೆ. ಅವನು ಮೂತಿಯನ್ನು ಆ ಚುಕ್ಕೆಗೆ ಸರಿಯಾಗಿ ಹಿಡಿದ. ಬೆರಳು ಟ್ರಿಗರ್ ಕೊಕ್ಕೆಯ ಮೇಲೆ ಬಂತು.

ಆಗ ಮೇಲಿನಿಂದ ಕೂ ಕೇಳಿಸಿತು.

ಉದ್ದಕ್ಕೆ ಹೋಗಿ, ನಡುವೆ ಮುರಿದು, ಕೊನೆಯಲ್ಲಿ ಚಿಕ್ಕದಾಗಿ ಮೇಲೇರಿತು. ಅವನದೇ ಕೂ. ಹಾಕಿದ್ದು ಹೆಣ್ಣುದನಿ.

ಬಿಳಿಗಿರಿಯ ಬೆರಳು ಕೊಕ್ಕೆಯಿಂದ ಸರಿಯಿತು. ಸರಿದದ್ದು ಯೋಚಿಸಿ ಅಲ್ಲ. ವರ್ಷಗಟ್ಟಲೆ ಆ ದನಿ ಕೇಳಿದೊಡನೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಗೊಟ್ಟ ದೇಹ ಅದು. ಮೇಲೆ ಕೆಂಪು ಚುಕ್ಕೆ ಬಗ್ಗಿತು, ಎರಡನೆಯ ಪಟಾಕಿಯ ಬತ್ತಿ ಹುಡುಕುತ್ತಿತ್ತು. ಉತ್ತರ ಬಾರದಿದ್ದರೆ ಚಿಕ್ಕಯ್ಯ ಇನ್ನೊಂದನ್ನು ಎಸೆಯುತ್ತಾನೆ, ಈ ಸಲ ಗುರಿ ತಪ್ಪುವುದಿಲ್ಲ. ಬಿಳಿಗಿರಿ ಪಿಸ್ತೂಲನ್ನು ನೆಲಕ್ಕೆ ತಿರುಗಿಸಿ, ಎಡಗೈಯನ್ನು ಬಾಯಿಗೆ ಹಿಡಿದ. ಕರು ಅರಚಿದಂಥ ಒಂದು ಸದ್ದು ಬಂತು. ಇನ್ನೊಮ್ಮೆ ಎಳೆದ. ಎರಡನೆಯದು ಕೂ ಆಯಿತು.

"ಯಾರ್ಲಾ ಅದು?" ಚಿಕ್ಕಯ್ಯನ ಗದರು.

"ನಾನು ಕಣಣ್ಣ! ಬಿಳಿಗಿರಿ!"

"ಥೂ ನಿನ್ ಮೊಕಕ್ಕ! ದಾರಿ ಬುಟ್ಟು ಒಲ್ದೊಳ್ಗ ಏನ್ಲಾ ಮೇಯ್ತಿದ್ದೀಯೆ?"

ನಾಗಮಣಿ ಮೊದಲು ಅಟ್ಟಣೆ ಇಳಿದಳು. ಚಿಕ್ಕಯ್ಯನ ಹೆಂಡತಿ ಶಿವಮಲ್ಲಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಳು. ಹಾಗಾಗಿ ಅವನಿಗೆ ಮುದ್ದೆ ಸಾರು ಕೊಡಲು ನಾಗಮಣಿ ಮೇಲೆ ಹತ್ತಿದ್ದಳು, ತಡವಾದ ಗಂಡನಿಗಾಗಿ ಅಲ್ಲಿಂದಲೇ ಕೂ ಹಾಕಿದ್ದಳು. ಟಾರ್ಚಿನ ಬೆಳಕು ಗಂಡನ ಮುಖದ ಮೇಲೆ ಬಿತ್ತು, ಮಣ್ಣು ಮೆತ್ತಿದ ಅಂಗಿಯ ಮೇಲೆ ಬಿತ್ತು, ಬಲಗೈಯ ಮೇಲೆ ಬಿತ್ತು. ಅಲ್ಲಿಯೇ ನಿಂತಿತು.

ಬಿಳಿಗಿರಿ ಬೆನ್ನು ತಿರುಗಿಸಿ ಗುಂಡು ತೆಗೆಯಲು ಕೂತ. ಅಂಗಡಿಯಲ್ಲಿ ತೋರಿಸಿದ ಕ್ರಮ ಗೊತ್ತಿತ್ತು: ಮೊದಲು ಹಿಡಿಯಿಂದ ಗುಂಡಿನ ಮ್ಯಾಗಜೀನು ಕಳಚಬೇಕು, ಆಮೇಲೆ ಉಕ್ಕನ್ನು ಹಿಂದಕ್ಕೆಳೆದು ಒಳಗಿರುವುದನ್ನು ಹೊರಹಾಕಬೇಕು. ಕ್ರಮ ತಪ್ಪಲಿಲ್ಲ, ಉಕ್ಕನ್ನು ಎಳೆದದ್ದು ಜೋರಾಯಿತು. ಒಳಗಿದ್ದ ಗುಂಡು ಚಿಮ್ಮಿ ಜೋಳದ ಸಾಲಿನಲ್ಲಿ ಎಲ್ಲೋ ಬಿತ್ತು.

"ಆ ಬೈಕು ಯಾರ್ದು?" ಎಂದ, ಪಿಸ್ತೂಲನ್ನು ಒರೆಗೆ ಸೇರಿಸುತ್ತ.

"ಊವಿನ ಯಾಪಾರಿದು. ಪಂಕ್ಚರ್ ಆಗಿ ಅಲ್ಲೇ ಬುಟ್ಟು ಬಸ್ಗ ಓದ," ಎಂದಳು ನಾಗಮಣಿ. "ಕೂ ಆಕಿ ಕೇಳಿದ್ರ ನಾನೇ ಏಳ್ತಿದ್ದೆ."

ಮರುದಿನ ಬೆಳಕು ಹರಿದೊಡನೆ ಮೂವರೂ ಜೋಳದ ಸಾಲಿನಲ್ಲಿ ಬಗ್ಗಿ ಹುಡುಕತೊಡಗಿದರು, ಮೂಗುತಿ ಕಳಕೊಂಡವರಂತೆ. ಗುಂಡೊಂದು ಲೆಕ್ಕಕ್ಕೆ ಸಿಗದಿದ್ದರೆ ಬಿಳಿಗಿರಿ ಠಾಣೆಗೆ ಜವಾಬು ಕೊಡಬೇಕು. ಅದಕ್ಕಿಂತ ಹೆಚ್ಚಾಗಿ, ಅದು ನೆಲದಲ್ಲಿ ಬಿದ್ದಿರುವ ತನಕ ಅವನಿಗೆ ಆ ಹೊಲದಿಂದ ಹೊರಬರಲಾಗುತ್ತಿರಲಿಲ್ಲ. ಚಿಕ್ಕಯ್ಯ ಈಗ ಎಲ್ಲ ಕೇಳಿ ತಿಳಿದಿದ್ದ. ಪಿಸ್ತೂಲನ್ನು ನೋಡಬೇಕೆಂದೂ ಕೇಳಲಿಲ್ಲ.

"ನೆನ್ನೆ ಅಟ್ಟಣೇಲಿ ಇದ್ದದ್ದು ನಾನೊಬ್ನೇ ಅಲ್ಲ ಕಣ್ಲಾ," ಎಂದ, ಬಗ್ಗಿದಂತೆಯೇ.

"ಗೊತ್ತಣ್ಣ."

"ಎದ್ರಿಕ ಆಗ್ತದ ಅಂತ ಒಂದ್ ಮಾತ್ ಏಳಿದ್ರ ಏನಾಗ್ತಿತ್ತು?"

"ನಗ್ತಿದ್ರಿ."

ಚಿಕ್ಕಯ್ಯ ಸೊಂಟ ಹಿಡಿದುಕೊಂಡು ನೆಟ್ಟಗಾದ. "ನಗ್ತಿದ್ದೋ. ಮಿಲ್ಟ್ರಿಯವ್ನು ಉಚ್ಚೆ ಉಯ್ಕತಾನ ಅಂತ ಊರ್ಗೆಲ್ಲ ಏಳ್ತಿದ್ದೋ. ಆಮ್ಯಾಲ ಜೊತೇಲಿ ಬತ್ತಿದ್ದೋ."

ಗುಂಡು ಸಿಕ್ಕಿದ್ದು ನಾಗಮಣಿಗೆ. ಜೋಳದ ಬೇರಿನ ಬುಡದಲ್ಲಿ, ಇರುವೆಗೂಡಿನ ಪಕ್ಕ, ಹಿತ್ತಾಳೆಯ ಕಿವಿಯೋಲೆಯಂತೆ ಹೊಳೆಯುತ್ತಿತ್ತು. ಸೆರಗಿನ ತುದಿಯಲ್ಲಿ ಎತ್ತಿ ಗಂಡನ ಅಂಗೈಗೆ ಹಾಕಿದಳು. "ಯಾರ್ಗ ಇದು ಅಂತ ಅವತ್ತೇ ಕೇಳ್ದೆ," ಎಂದಷ್ಟೇ ಹೇಳಿ ಹಾಲು ಕರೆಯಲು ಹೋದಳು.

ಲೈಸೆನ್ಸಿನ ವಸ್ತುವನ್ನು ಎಸೆಯುವಂತಿಲ್ಲ, ಯಾರಿಗೋ ಕೊಟ್ಟುಬಿಡುವಂತಿಲ್ಲ. ಬಿಳಿಗಿರಿ ಮತ್ತೆ ಕೊಯಮತ್ತೂರಿನ ಬಸ್ಸು ಹತ್ತಿ, ಅದೇ ಅಂಗಡಿಯಲ್ಲಿ ಅದನ್ನು ಜೋಪಾನಕ್ಕೆ ಒಪ್ಪಿಸಿ ರಸೀತಿ ತಂದ. ಸರಿಯಾಗಿ ಕೆಲಸ ಮಾಡಲಿಲ್ಲವೇ ಎಂದು ಮಾಲೀಕರು ಕೇಳಿದರು. ಸರಿಯಾಗಿಯೇ ಮಾಡುತ್ತದೆ ಎಂದ ಬಿಳಿಗಿರಿ. ಸಾಕ್ಷಿ ಹೇಳಲು ಹೋಗಬೇಕೆಂಬುದನ್ನು ಕೇಳಿ, ಹೊರಡುವಾಗ ಅವರು ಇನ್ನೊಂದು ಮಾತು ತಿಳಿಸಿದರು: ಕೋರ್ಟಿನ ಒಳಗೆ ಇದನ್ನು ಹೇಗೂ ಬಿಡುತ್ತಿರಲಿಲ್ಲ, ಗೇಟಿನಲ್ಲೇ ಒಪ್ಪಿಸಬೇಕಿತ್ತು. ಯಾವ ದಿನಕ್ಕೆ ಹೆದರಿ ಅದನ್ನು ಕೊಂಡಿದ್ದನೋ ಆ ದಿನ ಅದು ಅವನ ಬಳಿ ಇರುವುದು ಸಾಧ್ಯವೇ ಇರಲಿಲ್ಲ. ಇಷ್ಟು ಸರಳವಾದದ್ದು ತನಗೆ ಹೊಳೆಯದೆ ಹೋದದ್ದಕ್ಕೆ ಬಸ್ಸಿನಲ್ಲಿ ಒಬ್ಬನೇ ನಕ್ಕ. ಆಮೇಲೆ ಹೆದರಿಕೆ ಮತ್ತೆ ಬಂತು. ಅದನ್ನು ಯಾವ ಅಂಗಡಿಯವರೂ ಇಟ್ಟುಕೊಳ್ಳುವುದಿಲ್ಲ. ತಾಳವಾಡಿಯಲ್ಲಿ ಇಳಿದವನು ಅಂಗಿಯನ್ನು ಒಳಕ್ಕೆ ಸೇರಿಸಿಕೊಂಡ.

ಸಾಕ್ಷಿಯ ದಿನ ಮೊದಲ ಬಸ್ಸಿಗೆ ಹೊರಡಬೇಕಿತ್ತು. ಹೊಲದ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಬಿಳಿಗಿರಿ ದಾರಿಯ ನಡುವೆ ನಿಂತು ಕೂ ಹಾಕಿದ. ಚಿಕ್ಕಯ್ಯನ ಅಟ್ಟಣೆಯಿಂದ ಉತ್ತರ ಬಂತು, ಅದರಾಚೆಯದರಿಂದ ಬಂತು, ಕಣ್ಣಿಗೆ ಕಾಣದ ಇನ್ನೊಂದರಿಂದಲೂ ಬಂತು. ಕ್ವಾರಿಯವರೆಗೂ ಕೇಳಿಸಿರಬೇಕು. ರಸ್ತೆಗೆ ಬರುವಾಗ ಮಾದಿ ಹುಣಸೆಮರದ ಕೆಳಗೆ ಒಗೆದ ಸೀರೆಯುಟ್ಟು ನಿಂತಿದ್ದಳು. ಹಿಂದೆಯೇ ಚಿಕ್ಕಯ್ಯ ಟವೆಲು ಕೊಡವುತ್ತ ಬಂದ.

"ನೀನೆಲ್ಲಿಗಣ್ಣ?"

"ಕೋಲ್ಟು ಎಂಗಿರ್ತದ ಅಂತ ನೋಡಿಲ್ಲ ಕಣ್ಲಾ. ನೋಡ್ಕ ಬತ್ತೀನಿ."

ಸತ್ಯಮಂಗಲದ ಕೋರ್ಟಿನ ಕೋಣೆ ಅವನು ಕಲ್ಪಿಸಿಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಫ್ಯಾನು ಕಿರುಗುಟ್ಟುತ್ತಿತ್ತು. ನಟರಾಜ್ ಎದುರಿಗೇ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಅವನ ಕಣ್ಣನ್ನೇ ನೋಡುತ್ತ ನಿಂತಿದ್ದ. ಬಿಳಿಗಿರಿಯ ಮೊಳಕೈ ಹಳೆಯ ರೂಢಿಯಂತೆ ಪಕ್ಕೆಗೆ ಒತ್ತಿತು. ಅಲ್ಲಿ ಬೆಲ್ಟು ಮಾತ್ರ ಇತ್ತು.

ಆ ಸಂಜೆ ಟಿಪ್ಪರಿನಿಂದ ಇಳಿದವನು ಈ ಕೋಣೆಯಲ್ಲಿದ್ದಾನೆಯೇ ಎಂದು ಸರ್ಕಾರಿ ವಕೀಲರು ಕೇಳಿದರು.

ಬಿಳಿಗಿರಿ ಉಸಿರು ಎಳೆದುಕೊಂಡು ಉತ್ತರ ಕೊಟ್ಟ. ಎರಡು ಹೊಲದಾಚೆಗೆ ಮುಟ್ಟಿಸುವ ದನಿ ಆ ನಾಲ್ಕು ಗೋಡೆಯೊಳಗೆ ಬಡಿಯಿತು. ಬೆರಳಚ್ಚುಗಾರ್ತಿ ಬೆಚ್ಚಿ ಕೈ ಎತ್ತಿದಳು. ಬಾಗಿಲ ಬಳಿ ಕೂತಿದ್ದ ಚಿಕ್ಕಯ್ಯ ಟವೆಲಿನಿಂದ ಬಾಯಿ ಮುಚ್ಚಿಕೊಂಡ. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡಿ, ಇಷ್ಟು ಕೂಗಬೇಕಾಗಿಲ್ಲ, ಇಲ್ಲಿ ಎಲ್ಲರಿಗೂ ಕೇಳಿಸುತ್ತದೆ, ನಿಧಾನವಾಗಿ ಇನ್ನೊಮ್ಮೆ ಹೇಳಿ ಎಂದರು.

ಬಿಳಿಗಿರಿ ಮಾದಿಯ ಕಡೆ ನೋಡಿದ. ಆಮೇಲೆ ಕೈ ಎತ್ತಿ ನಟರಾಜನನ್ನು ತೋರಿಸಿ, ಅದೇ ಮಾತನ್ನು, ತುಸು ಸಣ್ಣ ದನಿಯಲ್ಲಿ, ಇನ್ನೊಮ್ಮೆ ಹೇಳಿದ.